ಸಂಬಂಧ: ಇತರೆ

ಚಿಪ್ಪಿನಕಟ್ಟೆಯಾಚೆ ನಗರಸಭೆ ಕಟ್ಟಿಸಿದ ಮನೆಗಳು,
ನಾಲ್ಕು ಮಹಡಿ, ಮಹಡಿಗೆ ಎಂಟು ಬಾಗಿಲು.
ಬಾಡಿಗೆಯಲ್ಲಿ ಮುಕ್ಕಾಲು ಸರ್ಕಾರದ್ದು, ಕಾಲು ನನ್ನದು.
ಆ ಕಾಲಿಗಾಗಿ ದೊಡ್ಡಾಸ್ಪತ್ರೆಯ ಬಟ್ಟೆಮನೆಯಲ್ಲಿ
ದಿನಕ್ಕಿನ್ನೂರು ಹಾಸುಬಟ್ಟೆ ಮಡಚುತ್ತೇನೆ.

ಪಟ್ಟಿಯಲ್ಲಿ ನಾವಿಬ್ಬರೇ, ನಾನು, ಮಗಳು ಇಂಚರ.
ಇನ್ನೊಂದು ಹೆಸರಿತ್ತು, ರುದ್ರೇಶ ಎಂದು.
ಮೂರು ವರ್ಷದ ಹಿಂದೆ ಅರ್ಜಿ ಕೊಟ್ಟು ನಾನೇ ತೆಗೆಸಿದೆ.
ಈಗ ಬೇಲೂರು ರಸ್ತೆಯಲ್ಲಿ
ಇನ್ನೊಬ್ಬಳ ಪಟ್ಟಿಯಲ್ಲಿದ್ದಾನೆ.
ಇರಲಿ.

ಅವನ ತಾಯಿ ಬಂದದ್ದು ಕಾರ್ತೀಕದ ಒಂದು ಸಂಜೆ,
ಕೈಯಲ್ಲೊಂದು ವೈರಿನ ಬ್ಯಾಗು, ಒಂದು ಎಲೆಯಡಿಕೆ ಡಬ್ಬಿ.
"ಅಲ್ಲಿ ಟೀವಿ ಬಲು ಜೋರು ಕಣೇ" ಅಂದರು.
ಅಷ್ಟೇ. ನಾನೂ ಕೆದಕಲಿಲ್ಲ.
ಹಿಟ್ಟು ಒಂದು ಮುಷ್ಟಿ ಹೆಚ್ಚು ಹಾಕಿ ತೊಳಸಿದೆ.

ಹಸಿ ಬಾಣಂತಿಯ ಕೈಲಿ ನೆಲ ಒರೆಸಿಸಿದವರೂ ಇವರೇ,
ಅವನ ಎತ್ತಿದ ಕೈಯನ್ನು ಗಾಳಿಯಲ್ಲೇ ಹಿಡಿದು
"ಬಿಡೋ" ಎಂದವರೂ ಇವರೇ.
ಎರಡನ್ನೂ ತಕ್ಕಡಿಗೆ ಹಾಕಿ ನೋಡುವಷ್ಟು
ಜಾಗ ಆ ಒಂದೂವರೆ ಕೋಣೆಯಲ್ಲಿಲ್ಲ.

ಪಟ್ಟಿಯಲ್ಲಿಲ್ಲದವರು ಮೂರು ರಾತ್ರಿಗಿಂತ ಹೆಚ್ಚು ಉಳಿಯತಕ್ಕದ್ದಲ್ಲ.
ಮೆಟ್ಟಿಲ ಗೋಡೆಗೆ ಬರೆದಿದ್ದಾರೆ, ನೀಲಿ ಬಣ್ಣದಲ್ಲಿ.
ತಪಾಸಣೆಯವರ ಬೈಕು ಗೇಟಿಗೆ ಬಂದರೆ
ಕೆಳಗಿನ ಮನೆಯ ಷಾಹೀನಾ ಬಾಂಡಲಿ ಬಡಿಯುತ್ತಾಳೆ.
ಅತ್ತೆ ಬ್ಯಾಗು ಹಿಡಿದು ಹಿಂದಿನ ಮೆಟ್ಟಿಲಿಳಿದು,
ಆಟೋ ಹತ್ತಿ, ಆಸ್ಪತ್ರೆಯಲ್ಲಿ ಮಂಡಿನೋವೆಂದು ಚೀಟಿ ಮಾಡಿಸಿ
ಮೂಳೆ ಡಾಕ್ಟರ ಎದುರು ಬೆಂಚಿನಲ್ಲಿ ಕೂತುಬಿಡುತ್ತಾರೆ.
ಹೆಸರು ಕೂಗಿದರೆ
ಹಿಂದಿನವರಿಗೆ ಸರದಿ ಬಿಟ್ಟುಕೊಡುತ್ತಾರೆ.
ಸಂಜೆ ನನ್ನ ಪಾಳಿ ಮುಗಿದ ಮೇಲೆ
ಇಬ್ಬರೂ ಒಟ್ಟಿಗೆ ಮನೆಗೆ.

ಎಂಟು ತಿಂಗಳಾದ ಮೇಲೆ ಇಂಚರನೇ ಕೇಳಿದಳು,
"ಅಜ್ಜಿ ಕಳ್ಳೀನಾ?"

ಮಾರನೇ ದಿನ ರಜೆ ಹಾಕಿ ಕಚೇರಿಗೆ ಹೋದೆ.
ಕಂಪ್ಯೂಟರಿನ ಹುಡುಗ ಮೇಲೆ ಕೆಳಗೆ ನೋಡಿದ.
"ಗಂಡನೇ ಇಲ್ವಲ್ಲಮ್ಮ ಪಟ್ಟೀಲಿ,
ಅತ್ತೆ ಎಲ್ಲಿಂದ ಬಂದ್ರು?"
ಬೇಲೂರು ರಸ್ತೆಯಿಂದ, ಸಿಟಿ ಬಸ್ಸಲ್ಲಿ, ಎಂದೆ.
ಅವನು ನಗಲಿಲ್ಲ.
"ತಾಯಿ ಅಂತ ಹಾಕ್ಲಾ?"
ನನ್ನ ತಾಯಿ ದುದ್ದದಲ್ಲಿ ಗಟ್ಟಿಮುಟ್ಟಾಗಿದ್ದಾಳೆ,
ಸುಳ್ಳು ಯಾಕಪ್ಪ, ಎಂದೆ,
ಎಂಟು ತಿಂಗಳು ಸುಳ್ಳನ್ನೇ ಹಾಸಿ ಹೊದ್ದವಳು.
ಅವನು ಬೆರಳಿನಿಂದ ಕೆಳಗೆ ಕೆಳಗೆ ಜಾರಿಸಿದ:
ಗಂಡ, ಹೆಂಡತಿ, ಮಗ, ಮಗಳು, ತಂದೆ, ತಾಯಿ,
ತಳದಲ್ಲಿ
ಇತರೆ.
ಅದನ್ನೊತ್ತಿದ.

ವೃದ್ಧಾಪ್ಯ ವೇತನವೂ ಆದಾಯಕ್ಕೆ ಸೇರಿತು,
ನನ್ನ ಕಾಲು ತುಸು ದಪ್ಪವಾಯಿತು,
ತಿಂಗಳಿಗೆ ನೂರ ನಲವತ್ತು ಹೆಚ್ಚು.
ಅಚ್ಚಾಗಿ ಬಂದ ಹಾಳೆಯಲ್ಲಿ ನೋಡಿದರೆ
ಕ್ರಮಸಂಖ್ಯೆ ಎರಡು, ಸಣ್ಣತಾಯಮ್ಮ.
ಅವನು ಬಿಟ್ಟುಹೋದ ಸಾಲು.
ಖಾಲಿ ಸಾಲು ಕಂಡರೆ ಮಿಷನ್ನಿಗೆ ಆಗಲ್ವಂತೆ,
ಸಿಕ್ಕಿದವರನ್ನು ತುಂಬಿಬಿಡುತ್ತದಂತೆ.

ಮನೆಯಲ್ಲಿ ಅತ್ತೆ ಹಾಳೆಯನ್ನು ಬೆಳಕಿಗೆ ಹಿಡಿದು
ತಲೆಕೆಳಗಾಗಿಯೇ ಬಹಳ ಹೊತ್ತು ನೋಡಿದರು.
"ನೂರ ನಲವತ್ತಕ್ಕೆ ಏನೇನು ಬರ್ತಿತ್ತು!" ಎಂದು ಗೊಣಗಿದರು.
ಇಂಚರ ಆಗಲೇ ಷಾಹೀನಾಳ ಮಕ್ಕಳಿಗೆಲ್ಲ
"ನಮ್ಮ ಇತರೆ ಅಜ್ಜಿ" ಎಂದು ತೋರಿಸುತ್ತಿದ್ದಳು.

ಶನಿವಾರ ಬಾಂಡಲಿ ಸದ್ದಾಯಿತು.
ಅತ್ತೆ ದಡಕ್ಕನೆದ್ದು ಬ್ಯಾಗಿಗೆ ಕೈ ಹಾಕಿದರು.
ಅತ್ತೇ, ಎಂದೆ.
ನಿಂತರು. ಬ್ಯಾಗನ್ನು ಮೊಳೆಗೆ ತೂಗಲಿಲ್ಲ,
ನೆಲಕ್ಕೆ ಸುರಿದರು:
ಒಂದು ಸೀರೆ, ಬಾಚಣಿಗೆ, ಅರ್ಧ ಸೋಪು,
ನಾಲ್ಕಾಗಿ ಮಡಿಸಿದ ಆಸ್ಪತ್ರೆಯ ಚೀಟಿಗಳು, ಒಂಬತ್ತು.
ಗೋಡೆ ಹಿಡಿದು ನಿಧಾನಕ್ಕೆ ಕೂತು
ಒಂದೊಂದೇ ಬಿಡಿಸಿ ಸರಿಮಾಡುತ್ತ ಅಂದರು:

"ಆ ಬೆಂಚಿನ ಮೇಲೆ ಕೂತೂ ಕೂತೂ
ಈಗ ನಿಜವಾಗ್ಲೂ ನೋಯ್ತದೆ ಕಣೇ ಮಂಡಿ.
ಸೋಮವಾರ ಕರ್ಕೊಂಡೋಗಿ ತೋರಿಸು."